89 ಮತಗಳ ಅಂತರವೂ ಕನ್ನಡ ಶಾಲೆಯ ಗಣಿತ ಪಾಠವೂ

2016ರ ಕೇರಳ ವಿಧಾನಸಭಾ ಚುನಾವಣೆಯಲ್ಲಿ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಮತ ಎಣಿಕೆ ಮುಗಿದಾಗ ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಅವರಿಗೆ 56,870 ಮತ, ಬಿಜೆಪಿಯ ಕೆ. ಸುರೇಂದ್ರನ್ ಅವರಿಗೆ 56,781 ಮತ. ಅಂತರ ಬರೇ 89. ಐದು ವರ್ಷ ಕಳೆದು 2021ರಲ್ಲಿ ಎ.ಕೆ.ಎಂ. ಅಶ್ರಫ್ ಅದೇ ಸುರೇಂದ್ರನ್ ಎದುರು 745 ಮತಗಳಿಂದ ಗೆದ್ದರು. ಒಂದು ವಾರ್ಡಿನ ಹತ್ತಾರು ಮನೆಯವರು ಮನಸ್ಸು ಬದಲಿಸಿದರೆ ಶಾಸಕರೇ ಬದಲಾಗುವಂಥ ಕ್ಷೇತ್ರ ಇದು. ಇಂಥ ಕಡೆ ಮತದಾರನ ಮಾತಿಗೆ ತೂಕ ಹೆಚ್ಚು, ಅವನ ಬೇಡಿಕೆ ಮೊದಲು ಈಡೇರುತ್ತದೆ ಎಂಬುದು ಪ್ರಜಾಪ್ರಭುತ್ವದ ಬಗ್ಗೆ ನಾವೆಲ್ಲ ಶಾಲೆಯಲ್ಲಿ ಕಲಿತ ಪಾಠ.

ಆದರೆ ಇದೇ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರು ನೇಮಕವಾಗಿ ಬರುವುದು ನಿಂತಿಲ್ಲ. ಹೆತ್ತವರು ಶಾಲೆಯ ಗೇಟಿನ ಮುಂದೆ ಕೂರುತ್ತಾರೆ, ಮಕ್ಕಳು ತರಗತಿ ಬಹಿಷ್ಕರಿಸುತ್ತಾರೆ, ಯಾರೋ ಹೈಕೋರ್ಟಿಗೆ ಹೋಗುತ್ತಾರೆ, ಆ ಒಬ್ಬ ಶಿಕ್ಷಕರ ಬಾಬ್ತು ಹೇಗೋ ಇತ್ಯರ್ಥವಾಗುತ್ತದೆ. ಮತ್ತೊಂದು ಜೂನ್ ತಿಂಗಳಲ್ಲಿ ಇನ್ನೊಂದು ಶಾಲೆಯಲ್ಲಿ ಅದೇ ಕತೆ.

ಕನ್ನಡ ಬಾರದ ಗಣಿತ ಶಿಕ್ಷಕರ ತರಗತಿ ಹೇಗಿರುತ್ತದೆ ಎಂದು ಹೊರಗಿನವರಿಗೆ ಗೊತ್ತಾಗುವುದು ಕಷ್ಟ. ಕರಿಹಲಗೆಯ ಮೇಲೆ ಸಮೀಕರಣ ಬರೆಯುವಷ್ಟು ಹೊತ್ತು ಎಲ್ಲ ಸರಿಯಾಗಿಯೇ ನಡೆಯುತ್ತದೆ. ಅಂಕಿಗೆ ಭಾಷೆಯ ಹಂಗಿಲ್ಲ. ಪುಸ್ತಕದ ಲೆಕ್ಕ ಮಾತಿನ ರೂಪದಲ್ಲಿ ಬಂದಾಗ, ತೊಟ್ಟಿಗೆ ನೀರು ತುಂಬುವ ಎರಡು ನಲ್ಲಿಗಳೋ, ಬಡ್ಡಿಗೆ ಸಾಲ ತಂದ ರೈತನೋ ಕಾಣಿಸಿಕೊಂಡಾಗ, ಪಾಠ ಅಲ್ಲಿಗೆ ನಿಲ್ಲುತ್ತದೆ. ಮಗು ಓದಿದ್ದು ಶಿಕ್ಷಕರಿಗೆ ತಿಳಿಯದು, ಶಿಕ್ಷಕರು ವಿವರಿಸಿದ್ದು ಮಗುವಿಗೆ ತಿಳಿಯದು. ಮುಂದಿನ ಬೆಂಚಿನಲ್ಲಿ ಮಲಯಾಳಂ ಬಲ್ಲ ಒಬ್ಬ ಹುಡುಗಿ ಇದ್ದರೆ ಅವಳೇ ದುಭಾಷಿ. ಹತ್ತನೆಯ ತರಗತಿಯ ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ ದಿನ ಬರುತ್ತದೆ.

89 ಮತಗಳಿಗೆ ಸರ್ಕಾರದ ಗಮನ ಸೆಳೆಯುವ ಶಕ್ತಿ ಇದೆಯಾದರೆ ಈ ಸಮಸ್ಯೆ ಎಂದೋ ಮುಗಿಯಬೇಕಿತ್ತು. ಮುಗಿದಿಲ್ಲ. ಚುನಾವಣೆಯ ಫಲಿತಾಂಶಕ್ಕೂ ಸರ್ಕಾರದ ನೀತಿಯ ಫಲಿತಾಂಶಕ್ಕೂ ನಡುವೆ ಏನು ನಡೆಯುತ್ತದೆ ಎಂಬುದನ್ನು ರಾಜ್ಯಶಾಸ್ತ್ರಜ್ಞರು ಕಳೆದ ಎರಡು ದಶಕಗಳಲ್ಲಿ ಭಾರತದಲ್ಲಿಯೇ ಸಾಕಷ್ಟು ಅಗೆದು ನೋಡಿದ್ದಾರೆ. ಕಾಸರಗೋಡಿನ ಬಗ್ಗೆ ಬರೆದದ್ದಲ್ಲದಿದ್ದರೂ ಆ ಕೆಲಸ ನಮಗೆ ದಾರಿ ತೋರಿಸುವಂಥದ್ದು.

ಮೊದಲು ಕರ್ನಾಟಕದ ಗ್ರಾಮ ಪಂಚಾಯಿತಿಗಳ ಮೇಲೆ ನಡೆದ ಒಂದು ಅಧ್ಯಯನ. ಥ್ಯಾಡ್ ಡನ್ನಿಂಗ್ ಮತ್ತು ಜಾನ್ಹವಿ ನಿಲೇಕಣಿ 2013ರಲ್ಲಿ ಅದನ್ನು ಪ್ರಕಟಿಸಿದರು. ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿ, ಪಂಗಡಕ್ಕೆ ಮೀಸಲಾದ ಪಂಚಾಯಿತಿಗಳನ್ನೂ, ಜನಸಂಖ್ಯೆಯ ಲೆಕ್ಕದಲ್ಲಿ ಕೂದಲೆಳೆಯಷ್ಟರಲ್ಲಿ ಮೀಸಲಾತಿ ತಪ್ಪಿಹೋದ ಪಂಚಾಯಿತಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಉಳಿದೆಲ್ಲ ವಿಷಯಗಳಲ್ಲಿ ಇವೆರಡೂ ಬಹುತೇಕ ಒಂದೇ ಥರದ ಊರುಗಳು, ಆದ್ದರಿಂದ ಕಂಡ ವ್ಯತ್ಯಾಸಕ್ಕೆ ಮೀಸಲಾತಿಯೇ ಕಾರಣ ಎನ್ನಬಹುದು. ಅವರಿಗೆ ಕಂಡದ್ದು ಏನೆಂದರೆ, ತಮ್ಮವರೇ ಅಧ್ಯಕ್ಷರಾದ ಮಾತ್ರಕ್ಕೆ ಆ ಸಮುದಾಯದ ಮನೆಗಳಿಗೆ ಸವಲತ್ತು ಹೆಚ್ಚಾಗಿ ಹೋಗಿರಲಿಲ್ಲ. ಯಾರಿಗೆ ಏನು ಸಿಕ್ಕಿತು ಎಂಬುದರಲ್ಲಿ ಜಾತಿಗಿಂತ ಪಕ್ಷದ ನಂಟು ಹೆಚ್ಚು ಕೆಲಸ ಮಾಡಿತ್ತು. ರಾಜಸ್ಥಾನ, ಬಿಹಾರದಲ್ಲಿ ನೋಡಿದಾಗಲೂ ಹೆಚ್ಚು ಕಡಿಮೆ ಅದೇ ಚಿತ್ರ.

ಇದಕ್ಕೆ ಎದುರಾಗಿ ನಿಲ್ಲುವ ಅಧ್ಯಯನವೂ ಇದೆ. ಅರ್ಥಶಾಸ್ತ್ರಜ್ಞರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡಫ್ಲೊ 2004ರಲ್ಲಿ ಪಶ್ಚಿಮ ಬಂಗಾಳ, ರಾಜಸ್ಥಾನಗಳ ಪಂಚಾಯಿತಿಗಳ ಬಗ್ಗೆ ಬರೆದಾಗ, ಮಹಿಳೆಯರಿಗೆ ಮೀಸಲಾದ ಕಡೆ ಕುಡಿಯುವ ನೀರಿಗೆ ಹೆಚ್ಚು ಖರ್ಚಾಗಿದೆ ಎಂದು ತೋರಿಸಿದ್ದರು. ನೀರು ಹೊರುವ ಕಷ್ಟ ಗೊತ್ತಿದ್ದವರು ಕುರ್ಚಿಗೆ ಬಂದಾಗ ನೀರಿಗೆ ಹಣ ಹೋಯಿತು. ಎರಡೂ ಸತ್ಯವಾಗಲು ಸಾಧ್ಯ. ಬೋರ್‌ವೆಲ್ ತೆಗೆಸುವ ಅಧಿಕಾರ ಪಂಚಾಯಿತಿ ಅಧ್ಯಕ್ಷರ ಕೈಯಲ್ಲೇ ಇದೆ, ಅದಾದ ಮೇಲೆ ಹೆಸರೂ ಅವರಿಗೇ. ನಿರ್ಧಾರ ಎಲ್ಲಿ ಆಗುತ್ತದೆಯೋ ಅಲ್ಲಿ ನಮ್ಮವರು ಇದ್ದರೆ ಫಲ ಸಿಗುತ್ತದೆ, ನಿರ್ಧಾರ ಬೇರೆ ಕಡೆ ಆಗುತ್ತಿದ್ದರೆ ನಮ್ಮವರು ಕುರ್ಚಿಯಲ್ಲಿ ಕೂತೂ ಪ್ರಯೋಜನ ಅಷ್ಟಕ್ಕಷ್ಟೆ.

ಅಶ್ರಫ್ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ಗಡಿನಾಡಿನಲ್ಲಿ ಎಷ್ಟೋ ಮನೆಗಳಲ್ಲಿ ಸಂತೋಷಪಟ್ಟರು. ಆ ಸಂತೋಷ ಸುಳ್ಳಲ್ಲ. ಆದರೆ ಕನ್ನಡ ಮಾಧ್ಯಮದ ಶಿಕ್ಷಕರ ಅರ್ಹತೆ ಏನಿರಬೇಕು, ಕನ್ನಡ ಜ್ಞಾನವನ್ನು ಯಾರು ಹೇಗೆ ಪರೀಕ್ಷಿಸಬೇಕು ಎಂಬ ನಿಯಮ ಹುಟ್ಟುವುದು ತಿರುವನಂತಪುರದ ಶಿಕ್ಷಣ ಇಲಾಖೆ ಮತ್ತು ಸರ್ಕಾರಿ ನೇಮಕಾತಿ ನಡೆಸುವ ಪಿಎಸ್‌ಸಿ ನಡುವಿನ ಕಡತದಲ್ಲಿ. ಕೇರಳ ವಿಧಾನಸಭೆಯ 140 ಸ್ಥಾನಗಳಲ್ಲಿ ಕನ್ನಡಿಗರ ಮತ ಗಣನೆಗೆ ಬರುವುದು ಮಂಜೇಶ್ವರ, ಕಾಸರಗೋಡು ಎಂಬ ಎರಡೇ ಕ್ಷೇತ್ರಗಳಲ್ಲಿ. ಆ ಕಡತ ವಿಲೇವಾರಿ ಮಾಡುವ ಮಂತ್ರಿಗೆ ನಮ್ಮ 89 ಮತದಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಸಂಖ್ಯೆ ಕಡಿಮೆ ಎಂಬುದು ಅರ್ಧ ಉತ್ತರ ಮಾತ್ರ. ನನಗೆ ಇನ್ನೂ ದೊಡ್ಡ ಕಾರಣವಾಗಿ ಕಾಣುವುದು ಬೇರೆ. ಮಂಜೇಶ್ವರದಲ್ಲಿ ಕಾಂಗ್ರೆಸ್, ಮುಸ್ಲಿಂ ಲೀಗುಗಳಿರುವ ಐಕ್ಯರಂಗ, ಸಿಪಿಎಂ ನೇತೃತ್ವದ ಎಡರಂಗ, ಬಿಜೆಪಿ ಮೂರಕ್ಕೂ ಕನ್ನಡದಲ್ಲಿ ಕರಪತ್ರ ಇದೆ, ಕನ್ನಡದಲ್ಲಿ ಭಾಷಣ ಮಾಡುವ ನಾಯಕರಿದ್ದಾರೆ, ಭಾಷಾ ಅಲ್ಪಸಂಖ್ಯಾತರ ಹಕ್ಕು ರಕ್ಷಿಸುತ್ತೇವೆ ಎಂಬ ಭರವಸೆ ಇದೆ. ಯಾರೂ ಕನ್ನಡಕ್ಕೆ ವಿರೋಧಿಯಲ್ಲ. ಎಲ್ಲರೂ ಪರ ಎಂದಾದ ಮೇಲೆ ಕನ್ನಡದ ಕಾರಣಕ್ಕೆ ಒಬ್ಬನನ್ನು ಬಿಟ್ಟು ಇನ್ನೊಬ್ಬನಿಗೆ ಮತ ಹಾಕುವುದು ಹೇಗೆ? ಮತದಾರ ಬೇರೆ ಲೆಕ್ಕಗಳ ಮೇಲೆ ಮತ ಹಾಕುತ್ತಾನೆ: ಧರ್ಮ, ಪಕ್ಷ, ಗಲ್ಫಿನಲ್ಲಿರುವ ಮಗ, ಅಡಿಕೆಯ ಧಾರಣೆ, ಮನೆ ಮುಂದಿನ ರಸ್ತೆ. 89 ಮತ ಆಚೀಚೆ ಆದದ್ದು ಈ ಲೆಕ್ಕಗಳಲ್ಲಿ. ಪಕ್ಷಗಳ ನಡುವೆ ವ್ಯತ್ಯಾಸವೇ ಇಲ್ಲದ ವಿಷಯದಲ್ಲಿ ಚುನಾವಣೆಗೆ ತೀರ್ಪು ಕೊಡಲು ಬರುವುದಿಲ್ಲ. ಅದು ಎಷ್ಟೇ ಬಿಗಿಯಾದ ಚುನಾವಣೆ ಆಗಿರಲಿ.

ಹಾಗಿದ್ದರೆ ಕನ್ನಡವೊಂದೇ ವಿಷಯವಾಗಿದ್ದ ಕಾಲದಲ್ಲಿ ಏನಾಯಿತು? 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕಾಸರಗೋಡು ಕೇರಳಕ್ಕೆ ಸೇರಿತು. ಮರುವರ್ಷದ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಪಕ್ಷೇತರ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಎದುರಾಳಿಯೇ ಇಲ್ಲದಷ್ಟು ಒಗ್ಗಟ್ಟು. 1960ರಲ್ಲಿ, 1967ರಲ್ಲಿ ಕೆ. ಮಹಾಬಲ ಭಂಡಾರಿ ಪಕ್ಷೇತರರಾಗಿಯೇ ಗೆದ್ದರು. ಕವಿ ಕಯ್ಯಾರ ಕಿಞ್ಞಣ್ಣ ರೈ ಅವರಂಥವರು ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸುವ ವಿಲೀನೀಕರಣದ ಹೋರಾಟವನ್ನು ಬದುಕಿನ ಕೆಲಸವಾಗಿಸಿಕೊಂಡಿದ್ದ ದಿನಗಳು ಅವು. 1967ರಲ್ಲಿ, ಗಡಿ ವಿವಾದಗಳಿಗೆಂದು ನೇಮಕವಾಗಿದ್ದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದಿತು. ಅದು ಜಾರಿಯಾಗಲಿಲ್ಲ. 1969ರಲ್ಲಿ ಕೇರಳದ ಅಧಿಕೃತ ಭಾಷಾ ಕಾಯ್ದೆ ಬಂದಾಗ ಅದರ ಐದನೆಯ ಕಲಂ ತಮಿಳು, ಕನ್ನಡ ಅಲ್ಪಸಂಖ್ಯಾತರಿಗೆ ಸೆಕ್ರೆಟರಿಯೇಟಿನೊಂದಿಗೂ, ಇಲಾಖಾ ಮುಖ್ಯಸ್ಥರೊಂದಿಗೂ, ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಯ ಸ್ಥಳೀಯ ಕಚೇರಿಗಳೊಂದಿಗೂ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡುವ, ತಮ್ಮ ಭಾಷೆಯಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿತು. ಒಂದರ ಹಿಂದೆ ಒಂದು ಬಂತು ಎಂದ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಹುಟ್ಟಿತು ಎನ್ನಲಾಗದು. ಆದರೂ ಇಂದಿಗೂ ನಾವು ಕೈಯಲ್ಲಿ ಹಿಡಿದು ತೋರಿಸುವ ಹಕ್ಕು, ಗಡಿಯ ಪ್ರಶ್ನೆ ಮತಗಟ್ಟೆಯಲ್ಲಿ ಜೀವಂತವಾಗಿದ್ದ ದಶಕದ್ದು ಎಂಬುದನ್ನು ನಾನು ಸಣ್ಣ ವಿಷಯ ಎಂದುಕೊಳ್ಳಲಾರೆ. 1970ರಲ್ಲಿ ಸಿಪಿಐನ ಎಂ. ರಾಮಪ್ಪ ಗೆದ್ದ ಮೇಲೆ ಈ ಕ್ಷೇತ್ರ ಕೇರಳದ ಉಳಿದ ಕ್ಷೇತ್ರಗಳಂತೆ ಪಕ್ಷಗಳ ಕಣವಾಯಿತು.

ಇನ್ನೊಂದು ಸಂಶೋಧನೆ ಕಾಸರಗೋಡಿನ ನರಕ್ಕೇ ಕೈ ಹಾಕುವಂಥದ್ದು. ರಾಜ್ಯಶಾಸ್ತ್ರಜ್ಞೆ ಪ್ರೇರಣಾ ಸಿಂಗ್ ಕೇರಳ, ತಮಿಳುನಾಡು, ಉತ್ತರ ಪ್ರದೇಶ, ರಾಜಸ್ಥಾನ, ಬಿಹಾರಗಳನ್ನು ತುಲನೆ ಮಾಡಿ 2015ರಲ್ಲಿ ಒಂದು ವಾದ ಮುಂದಿಟ್ಟರು. ಶಿಕ್ಷಣ, ಆರೋಗ್ಯದಲ್ಲಿ ಕೆಲವು ರಾಜ್ಯಗಳು ಮುಂದೆ ಹೋಗಲು ಸಂಪತ್ತು ಕಾರಣವಲ್ಲ, ಎಡಪಕ್ಷದ ಆಳ್ವಿಕೆಯೊಂದೇ ಕಾರಣವೂ ಅಲ್ಲ, ‘ನಾವೆಲ್ಲ ಒಂದೇ ನಾಡಿನವರು’ ಎಂಬ ಭಾವನೆ ಅಲ್ಲಿ ಬಲವಾಗಿತ್ತು ಎಂಬುದು ಅದರ ಸಾರ. ತಿರುವಾಂಕೂರು ಸಂಸ್ಥಾನದಲ್ಲಿ ಹೊರಗಿನ ಬ್ರಾಹ್ಮಣರೇ ಸರ್ಕಾರಿ ಹುದ್ದೆ ಹಿಡಿದಿದ್ದಾರೆ ಎಂದು 1891ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಸಹಿ ಹಾಕಿ ರಾಜನಿಗೆ ಕೊಟ್ಟ ಮಲಯಾಳಿ ಮೆಮೋರಿಯಲ್ ಆ ಭಾವನೆಯ ಆರಂಭಗಳಲ್ಲೊಂದು. ಅಲ್ಲಿಂದ, ಮಲಯಾಳಂ ಆಡುವ ಪ್ರದೇಶಗಳೆಲ್ಲ ಒಂದು ರಾಜ್ಯವಾಗಬೇಕೆಂದ ಐಕ್ಯ ಕೇರಳ ಚಳವಳಿಯವರೆಗೆ ಮಲಯಾಳಿ ಎಂಬ ಅಸ್ಮಿತೆ ಜಾತಿ, ಧರ್ಮಗಳ ಮೇಲಿಂದ ಹಾಸಿಕೊಂಡಿತು. ನಾಡಿನ ಯಾವ ಮೂಲೆಯ ಮಗುವೂ ನಮ್ಮದೇ ಎಂದಾದಾಗ ಎಲ್ಲ ಮೂಲೆಗಳಿಗೂ ಶಾಲೆ, ಆಸ್ಪತ್ರೆ ಬಂತು ಎನ್ನುತ್ತಾರೆ ಅವರು.

ಈ ವಾದ ಓದಿದಾಗ ಕಾಸರಗೋಡಿನವರಿಗೆ ಮೊದಲು ಹೊಳೆಯುವ ಪ್ರಶ್ನೆ ಒಂದೇ. ನಾಡಿನ ಒಗ್ಗಟ್ಟೇ ಭಾಷೆಯ ಮೇಲೆ ನಿಂತಿದ್ದರೆ, ಆ ಭಾಷೆ ಮನೆಮಾತಲ್ಲದವರ ಪಾಡೇನು?

ಉತ್ತರ ಎರಡು ಭಾಗವಾಗಿ ಸಿಗುತ್ತದೆ, ಎರಡನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಎಲ್ಲರಿಗೂ ಸಿಗುವ ಸವಲತ್ತು ನಮಗೂ ಸಿಕ್ಕಿದೆ. 2011ರ ಜನಗಣತಿಯಲ್ಲಿ ಕಾಸರಗೋಡು ಜಿಲ್ಲೆಯ ಸಾಕ್ಷರತೆ ಶೇ. 90ರ ಆಸುಪಾಸು. ಅದೇ ಗಣತಿಯಲ್ಲಿ ಕರ್ನಾಟಕದ ಸರಾಸರಿ ಶೇ. 75, ಯಾದಗಿರಿ ಜಿಲ್ಲೆಯದ್ದು ಶೇ. 52ರ ಹತ್ತಿರ. ಎಣ್ಮಕಜೆಯ, ಪೈವಳಿಕೆಯ ಕನ್ನಡದ ಮಗು ಶಾಲೆಗೆ ಹೋಗಿದೆ, ಲಸಿಕೆ ಪಡೆದಿದೆ, ಅದರ ಅಜ್ಜಿಗೆ ಪಿಂಚಣಿ ಬಂದಿದೆ. ಕೇರಳದಲ್ಲಿ ನಮಗೆ ಏನೂ ಸಿಕ್ಕಿಲ್ಲ ಎಂದು ವೇದಿಕೆಯ ಮೇಲೆ ಹೇಳುವುದು ಸತ್ಯಕ್ಕೆ ದೂರ. ಸಿಗದೆ ಹೋದದ್ದು ನಮಗೆ ಮಾತ್ರ ಬೇಕಾದದ್ದು: ಕನ್ನಡ ಬಲ್ಲ ಗಣಿತದ ಮಾಷ್ಟ್ರು, ಕನ್ನಡದಲ್ಲಿ ಅಚ್ಚಾದ ಅರ್ಜಿ, ಗ್ರಾಮ ಕಚೇರಿಯಿಂದ ಕನ್ನಡದಲ್ಲೇ ಬಂದ ಉತ್ತರ. ಸರ್ಕಾರಿ ಅರ್ಜಿಗಳನ್ನು ತುಂಬಿಸಿಕೊಡುವ ಅಕ್ಷಯ ಕೇಂದ್ರದ ಕಂಪ್ಯೂಟರಿನ ಮುಂದೆ ಕೂತ ಹುಡುಗ ಮಲಯಾಳಂ ಪರದೆ ಓದಿ, ತುಳುವಿನಲ್ಲೋ ಕನ್ನಡದಲ್ಲೋ ಕೇಳಿ, ಇಂಗ್ಲಿಷಿನಲ್ಲಿ ತುಂಬಿಸಿ ಪ್ರಿಂಟ್ ಕೊಡುತ್ತಾನೆ. ಅರ್ಜಿದಾರರು ತಮಗೆ ಓದಲು ಬಾರದ ಕಾಗದಕ್ಕೆ ಸಹಿ ಹಾಕುತ್ತಾರೆ. ವರ್ಷಗಳಿಂದ ಹೀಗೆಯೇ ನಡೆದು ಬಂದಿರುವುದರಿಂದ ಇದು ಹಕ್ಕಿನ ಪ್ರಶ್ನೆ ಎಂಬುದೇ ಅನೇಕರಿಗೆ ಮರೆತುಹೋಗಿದೆ.

ಗಣತಿಯ ಅಂಕಿಯೂ ನಮ್ಮ ಕೈ ಹಿಡಿಯುವುದಿಲ್ಲ. ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆ ಎಂದು ಬರೆಸಿದವರು ಶೇ. 4ರಷ್ಟು, ತುಳು ಬರೆಸಿದವರು ಶೇ. 9ರ ಹತ್ತಿರ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ ಆಡಿ ಶಾಲೆಗೆ ಕನ್ನಡ ಮಾಧ್ಯಮ ಆರಿಸಿಕೊಂಡ ಕುಟುಂಬಗಳು ಆ ಶೇ. 4ರೊಳಗೆ ಬರುವುದಿಲ್ಲ. ಕನ್ನಡ ಶಾಲೆಯ ಅಗತ್ಯವನ್ನು ಮಾತೃಭಾಷೆಯ ಕಾಲಂ ನೋಡಿ ಅಳೆಯುವ ಅಧಿಕಾರಿಗೆ ಅಗತ್ಯವೇ ಇಲ್ಲವೆಂದು ಕಾಣುವುದು ಸಹಜ.

ಎಂಡೋಸಲ್ಫಾನ್ ಎಂಬ ಕೀಟನಾಶಕದ ಪ್ರಕರಣವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಸಿಂಗ್ ಅವರ ವಾದದ ಬಲವೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ಸರ್ಕಾರಿ ಒಡೆತನದ ಪ್ಲಾಂಟೇಶನ್ ಕಾರ್ಪೊರೇಶನ್ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸಿದ್ದು 1970ರ ದಶಕದ ಕೊನೆಯಿಂದ 2000ದವರೆಗೆ. ಈ ಅವಧಿಯಲ್ಲಿ 1982, 1987, 1991, 1996ರಲ್ಲಿ ಚುನಾವಣೆ ನಡೆದು ಐಕ್ಯರಂಗ, ಎಡರಂಗ ಒಂದಾದ ಮೇಲೊಂದು ಅಧಿಕಾರಕ್ಕೆ ಬಂದವು. ಮಂತ್ರಿಗಳು ಬದಲಾದರು, ಸಿಂಪಡಣೆ ನಿಲ್ಲಲಿಲ್ಲ. ಎಣ್ಮಕಜೆಯ ಪಡ್ರೆ, ಸ್ವರ್ಗ, ವಾಣಿನಗರಗಳಲ್ಲಿ ಏನೋ ಆಗುತ್ತಿದೆ ಎಂದು ಮೊದಲಿಗೆ ಎಚ್ಚರಿಸಿದವರಲ್ಲಿ ವೈದ್ಯ ಡಾ. ವೈ.ಎಸ್. ಮೋಹನಕುಮಾರ್, ಪತ್ರಕರ್ತ ಶ್ರೀ ಪಡ್ರೆ ಇದ್ದರು, ಇಬ್ಬರೂ ಕನ್ನಡಿಗರು. 1998ರಲ್ಲಿ ಕಾಸರಗೋಡು ಜಿಲ್ಲೆಯದೇ ಆದ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದವರು ಲೀಲಾಕುಮಾರಿ ಅಮ್ಮ. ಅಂಗವೈಕಲ್ಯದಿಂದ ನರಳುವ ಮಕ್ಕಳ ಚಿತ್ರಗಳು ಮಲಯಾಳಂ ಪತ್ರಿಕೆಗಳಲ್ಲಿ ಬಂದು, ಮಲಯಾಳಂ ಲೇಖಕರು ಈ ನೋವನ್ನು ತಮ್ಮದಾಗಿಸಿಕೊಂಡು, ತಿರುವನಂತಪುರದ ಸೆಕ್ರೆಟರಿಯೇಟಿನ ಮುಂದೆ ತಾಯಂದಿರು ಕೂತ ಮೇಲೆ ಅದು ಗಡಿಯ ಕೆಲವು ಪಂಚಾಯತುಗಳ ಗೋಳಾಗಿ ಉಳಿಯಲಿಲ್ಲ, ಕೇರಳದ ಗೋಳಾಯಿತು. 2011ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ತಾವೇ ಉಪವಾಸ ಕೂತರು. ಗಮನಿಸಿ, ಅಷ್ಟರಲ್ಲಿ ಮತದಾನ ಮುಗಿದಿತ್ತು, ಆ ಉಪವಾಸದಿಂದ ಗಳಿಸಬೇಕಾದ ಮತ ಉಳಿದಿರಲಿಲ್ಲ. ಮತ ಎಣಿಕೆ ನಡೆದ ಮೇ 13ರಂದೇ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್‌ಗೆ ತಡೆ ಹಾಕಿತು.

ಇದು ಬಲ. ಮಿತಿ ಪರಿಹಾರದಲ್ಲಿದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದಿತು. 2022ರಲ್ಲಿ ಅದೇ ಕೋರ್ಟ್ ಮತ್ತೆ ಕೇಳಿದಾಗ 3,704 ಸಂತ್ರಸ್ತರ ಪೈಕಿ ಹಣ ಸಿಕ್ಕಿದ್ದು ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ ಎಂಟು ಮಂದಿಗೆ. ಈ ನಡುವೆ ಒಂದು ವಿಧಾನಸಭಾ ಚುನಾವಣೆ, ಒಂದು ಲೋಕಸಭಾ ಚುನಾವಣೆ, ಒಂದು ಪಂಚಾಯತ್ ಚುನಾವಣೆ ಆಗಿಹೋಗಿದ್ದವು. ನಾಡಿಗೆ ನಾಡೇ ಮರುಗಿದ ವಿಷಯದಲ್ಲೂ ಅನುಷ್ಠಾನದ ಗಡುವನ್ನು ಯಾರ ತಲೆಗೂ ಕಟ್ಟದಿದ್ದರೆ ಹೀಗಾಗುತ್ತದೆ. ಮರುಕ ಘೋಷಣೆಯವರೆಗೆ ಕರೆದೊಯ್ಯುತ್ತದೆ. ಅಲ್ಲಿಂದ ಮುಂದೆ ಹೆಸರು, ದಿನಾಂಕ, ತಪ್ಪಿದರೆ ಬೀಳುವ ಹೊಡೆತ ಬೇಕು.

ಶಾಸಕರು ಏನೂ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಭಾರತದ ಶಾಸಕರ ಬಗ್ಗೆ ಅಧ್ಯಯನ ಮಾಡಿದ ರಾಜ್ಯಶಾಸ್ತ್ರಜ್ಞೆ ಜೆನ್ನಿಫರ್ ಬಸ್ಸೆಲ್ ಕಂಡುಕೊಂಡದ್ದು, ಅವರ ಸಮಯದ ದೊಡ್ಡ ಪಾಲು ಬಿಡಿ ಬಿಡಿ ಜನರ ಅಹವಾಲಿಗೆ ಹೋಗುತ್ತದೆ, ಬಂದವರು ತಮಗೇ ಮತ ಹಾಕಿದವರೇ ಎಂದು ನೋಡದೆ ಸಹಾಯ ಮಾಡುವುದೇ ಹೆಚ್ಚು ಎಂದು. ಇಲ್ಲಿಯೂ ಹಾಗೆಯೇ. ಶಾಲೆಯ ಗಲಾಟೆ ಜೋರಾದರೆ ಶಾಸಕರು ಫೋನ್ ಮಾಡುತ್ತಾರೆ, ಆ ಶಿಕ್ಷಕರು ಬೇರೆಡೆ ಹೋಗುತ್ತಾರೆ, ಹೆತ್ತವರು ಕೃತಜ್ಞರಾಗಿರುತ್ತಾರೆ. ನಿಯಮ ಮಾತ್ರ ಇದ್ದ ಹಾಗೆ ಇರುತ್ತದೆ. ಹಕ್ಕಾಗಿ ಬರಬೇಕಾದದ್ದು ಉಪಕಾರವಾಗಿ ಬಂದಾಗ ಮುಂದಿನ ಬ್ಯಾಚಿನ ಮಕ್ಕಳು ಮತ್ತೆ ಗೇಟಿನ ಮುಂದೆ ಕೂರಬೇಕು.

2025ರಲ್ಲಿ ಕೇರಳ ವಿಧಾನಸಭೆ ಅಂಗೀಕರಿಸಿದ ಮಲಯಾಳಂ ಭಾಷಾ ಮಸೂದೆಯ ಸುತ್ತ ಎದ್ದ ವಿವಾದವನ್ನೂ ಈ ಬೆಳಕಿನಲ್ಲೇ ನೋಡಬೇಕು. ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯ ಆಕ್ಷೇಪಿಸಿ ಪತ್ರ ಬರೆದರು. ಕನ್ನಡ, ತಮಿಳು ಭಾಷಿಕರಿಗೆ ಮಸೂದೆಯಲ್ಲೇ ರಕ್ಷಣೆ ಇದೆ ಎಂದು ಆಗ ಕೇರಳದ ಮುಖ್ಯಮಂತ್ರಿಯಾಗಿದ್ದ ಪಿಣರಾಯಿ ವಿಜಯನ್ ಉತ್ತರ ಕೊಟ್ಟರು. 2017ರಲ್ಲಿ ಮಲಯಾಳಂ ಕಲಿಕೆ ಕಡ್ಡಾಯ ಮಾಡಿದಾಗಲೂ ಇದೇ ಆತಂಕ, ಇದೇ ಸಮಾಧಾನ ಇತ್ತು. ಮಲಯಾಳಂ ಕಲಿಯುವುದರಿಂದ ನಮ್ಮ ಮಕ್ಕಳಿಗೆ ಲಾಭವೇ ಹೊರತು ನಷ್ಟವಿಲ್ಲ, ಗಡಿನಾಡಿನಲ್ಲಿ ಮೂರು ನಾಲ್ಕು ಭಾಷೆ ಬಲ್ಲವರೇ ಹೆಚ್ಚು. ನನ್ನ ಚಿಂತೆ ರಕ್ಷಣೆಯ ಕಲಂ ಇದೆಯೋ ಇಲ್ಲವೋ ಎಂಬುದರ ಬಗ್ಗೆಯೂ ಅಲ್ಲ. 1969ರಿಂದಲೂ ಅಂಥ ಕಲಂ ಇತ್ತು. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ವ್ಯವಸ್ಥೆ ಮಾಡಬೇಕೆಂದು 1956ರಿಂದಲೂ ಹೇಳುತ್ತಿದೆ. ಕಲಂ ಇದ್ದೂ ಶಾಲೆಗೆ ಶಿಕ್ಷಕರು ಬರದೆ ಹೋದದ್ದೇ ನಮ್ಮ ಅನುಭವ.

ಆದ್ದರಿಂದ ಅಭ್ಯರ್ಥಿಗಳ ಬಳಿ ‘ಕನ್ನಡಕ್ಕೆ ಏನು ಮಾಡುತ್ತೀರಿ’ ಎಂದು ಕೇಳುವುದನ್ನು ನಾವು ಬಿಡಬೇಕು. ಆ ಪ್ರಶ್ನೆಗೆ ಮೂವರೂ ಕೊಡುವುದು ಒಂದೇ ಉತ್ತರ. ಪಕ್ಷಗಳ ನಡುವೆ ವ್ಯತ್ಯಾಸ ಹುಟ್ಟಿಸುವಂಥ ಪ್ರಶ್ನೆ ಕೇಳಬೇಕು. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡದಲ್ಲೇ ಪಾಠ ಮಾಡಿ ತೋರಿಸುವ ಪರೀಕ್ಷೆಯನ್ನು ನೇಮಕಾತಿ ನಿಯಮಕ್ಕೆ ಸೇರಿಸುತ್ತೀರಾ, ಯಾವ ವರ್ಷದೊಳಗೆ? ಕನ್ನಡ ಮತ್ತು ಮಲಯಾಳಂ ಬಲ್ಲ ಗುಮಾಸ್ತರ ಹುದ್ದೆಗೆ ಕಾಸರಗೋಡಿಗೆಂದೇ ಪಿಎಸ್‌ಸಿ ಪ್ರತ್ಯೇಕ ಅಧಿಸೂಚನೆ ಹೊರಡಿಸುವ ಪದ್ಧತಿ ಇದೆ. ಹಾಗೆ ಬಂದವರು ಜನ ಅರ್ಜಿ ಹಿಡಿದು ಬರುವ ಕೌಂಟರಿನಲ್ಲೇ ಕೂರುತ್ತಾರೆಂದು ಖಾತರಿಪಡಿಸುತ್ತೀರಾ? ಒಬ್ಬರು ಹೌದು ಎಂದು ಬರೆದುಕೊಟ್ಟು ಇನ್ನೊಬ್ಬರು ಜಾರಿಕೊಂಡರೆ ಅಲ್ಲಿಗೆ ಚುನಾವಣೆಗೆ ಕೆಲಸ ಸಿಕ್ಕಿತು.

ಇದನ್ನು ಆರಂಭಿಸಲು ವಿಧಾನಸಭೆಯವರೆಗೂ ಹೋಗಬೇಕಿಲ್ಲ. ಯೋಜನೆ ರೂಪಿಸುವ ಕೆಲಸವನ್ನೂ ಹಣವನ್ನೂ ಸ್ಥಳೀಯ ಆಡಳಿತಕ್ಕೆ ಬಿಟ್ಟ 1996ರ ಜನಕೀಯ ಯೋಜನೆಯ ನಂತರ ಕೇರಳದ ಪಂಚಾಯತುಗಳಿಗೆ ಸ್ವಂತ ಹಣವೂ ಅಧಿಕಾರವೂ ಭಾರತದ ಬೇರೆ ಕಡೆಗಳಿಗಿಂತ ಹೆಚ್ಚು. ಮೀಂಜ, ವರ್ಕಾಡಿ, ಪುತ್ತಿಗೆ, ಬೆಳ್ಳೂರು, ಕುಂಬ್ಡಾಜೆ, ಎಣ್ಮಕಜೆಯಂಥ ಕಡೆ ಕನ್ನಡ ಓದುವವರ ಮತ ನೂರಾ ನಲವತ್ತರಲ್ಲಿ ಎರಡು ಅಲ್ಲ, ಆಡಳಿತ ನಿರ್ಧರಿಸುವಷ್ಟಿದೆ. ಗ್ರಾಮಸಭೆಯ ನೋಟೀಸು, ಫಲಾನುಭವಿಗಳ ಪಟ್ಟಿ, ಅರ್ಜಿ ನಮೂನೆ ಕನ್ನಡದಲ್ಲೂ ಅಚ್ಚಾಗಬೇಕೆಂದು ಸಾಧಿಸಲು ಈ ಪಂಚಾಯತುಗಳಲ್ಲಿ ಮತದಾರರಿಗೆ ಕಷ್ಟವಾಗಬಾರದು.

ಇಲ್ಲಿ ಒಂದು ಕಾನೂನಿನ ಪಾಠವೂ ಇದೆ. ಕೇರಳದ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ವಾರ್ಡಿನ ಗ್ರಾಮಸಭೆ ಕರೆಯುವ ಹೊಣೆ ಚುನಾಯಿತ ಸದಸ್ಯರದ್ದು, ಸತತ ಎರಡು ಬಾರಿ ಕರೆಯದಿದ್ದರೆ ಸದಸ್ಯತ್ವಕ್ಕೇ ಸಂಚಕಾರ. ಆ ಭಯ ಇರುವುದರಿಂದ ಜನ ಬರಲಿ ಬಿಡಲಿ, ಸಭೆಯಂತೂ ಕರೆಯುತ್ತಾರೆ. 1969ರ ಕಾಯ್ದೆಯ ಐದನೆಯ ಕಲಂ ಕನ್ನಡದ ಅರ್ಜಿಗೆ ಕನ್ನಡದಲ್ಲೇ ಉತ್ತರ ಹೋಗಬೇಕು ಎನ್ನುತ್ತದೆ. ಹೋಗದಿದ್ದರೆ ಯಾವ ಅಧಿಕಾರಿಗೆ ಏನಾಗುತ್ತದೆ ಎಂಬುದರ ಬಗ್ಗೆ ಅದು ಒಂದು ಮಾತೂ ಹೇಳುವುದಿಲ್ಲ. ಗಡಿನಾಡಿನ ಸಂಘಟನೆಗಳು ಇನ್ನು ಮುಂದೆ ಕೇಳಬೇಕಾದ ತಿದ್ದುಪಡಿ ಆ ಒಂದು ಮಾತಿನದ್ದು.